ಒಂದು ಮಾತು ಅಚ್ಚು ಹಾಕಿ ಸುಪ್ರೀಂ ಕೋರ್ಟಿನವರೆಗೆ ಹೋದ ಊರಿನ ಪತ್ರಿಕೆ

1965ರ ಅಕ್ಟೋಬರ್. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿರುವ ಗ್ರೀನ್‌ಬೆಲ್ಟ್ ಎಂಬ ಸಣ್ಣ ಊರು. ಅಲ್ಲಿನ ಪುರಸಭೆಯ ಸಭೆಗೆ ಜನ ಸೇರಿದ್ದರು. ಜಮೀನಿನ ವಿಷಯ, ಹಾಗಾಗಿ ಸಭೆ ಬಿಸಿಯಾಗಿತ್ತು. ಒಬ್ಬ ಬಿಲ್ಡರ್ ಪುರಸಭೆಯ ಜೊತೆ ನಡೆಸುತ್ತಿದ್ದ ಚೌಕಾಸಿಯನ್ನು ಕೆಲವರು ಸಿಟ್ಟಿನಿಂದ 'ಬ್ಲ್ಯಾಕ್‌ಮೇಲ್' ಎಂದು ಕರೆದರು. ಊರಿನ ವಾರಪತ್ರಿಕೆ ಆ ಮಾತನ್ನು ಹಾಗೆಯೇ ಅಚ್ಚು ಹಾಕಿತು. ಬಿಲ್ಡರ್ ಮಾನನಷ್ಟ ಮೊಕದ್ದಮೆ ಹೂಡಿದರು. ಆ ಒಂದು ಮಾತು ಕೊನೆಗೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಹೋಗಿ ನಿಂತಿತು.

ನಾನು ಜಿಲ್ಲಾ ಸ್ಟ್ರಿಂಗರ್. ಗ್ರಾಮಸಭೆಗೆ ಹೋಗಿ ಬರೆದುಕೊಂಡ ಪುಸ್ತಕದಲ್ಲಿ ಎಷ್ಟೋ ಮಾತುಗಳಿಗೆ ನಾನೇ ಗೀಟು ಎಳೆದಿದ್ದೇನೆ. ಹೇಳಿದವರು ನೂರು ಜನರ ಎದುರು ಮೈಕ್ ಹಿಡಿದು ಹೇಳಿರುತ್ತಾರೆ. ಆದರೂ ಸುದ್ದಿ ಕಳಿಸುವಾಗ ಕೈ ಹಿಂದೆ ಸರಿಯುತ್ತದೆ. ನಾಳೆ ನೋಟಿಸು ಬಂದರೆ ವಕೀಲರಿಗೆ ದುಡ್ಡು ಕೊಡುವವರು ಯಾರು? ಈ ಭಯ ಇರುವುದರಿಂದಲೇ ಗ್ರೀನ್‌ಬೆಲ್ಟ್ ಕಥೆ ನನ್ನನ್ನು ಹಿಡಿದು ಕೂರಿಸಿತು.

ಕಥೆ ಶುರುವಾಗುವುದು ಬರಗೆಟ್ಟ ಕಾಲದಿಂದ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದ ಮೇಲೆ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರ್ಕಾರ ಎರಡು ಕಷ್ಟಕ್ಕೆ ಒಂದೇ ಮದ್ದು ಹುಡುಕಿತು. ಕೆಲಸ ಇಲ್ಲದವರಿಗೆ ಕೆಲಸ ಕೊಡುವುದು, ಅವರ ಕೈಯಿಂದಲೇ ಸಾಧಾರಣ ವರಮಾನದವರಿಗೆ ಮನೆ ಕಟ್ಟಿಸುವುದು. 1935ರಲ್ಲಿ ರೆಕ್ಸ್‌ಫರ್ಡ್ ಟಗ್ವೆಲ್ ಎಂಬ ಅರ್ಥಶಾಸ್ತ್ರಜ್ಞರ ಮುಂದಾಳತ್ವದಲ್ಲಿ ಕೆಲಸ ಆರಂಭವಾಯಿತು. ಇಂಥ ಮೂರು ಊರುಗಳನ್ನು ಸರ್ಕಾರವೇ ಕಟ್ಟಿತು. ಅವುಗಳಲ್ಲಿ ಮೊದಲನೆಯದು ಗ್ರೀನ್‌ಬೆಲ್ಟ್.

ಹೊಗೆಸೊಪ್ಪು ಬೆಳೆದು ಬೆಳೆದು ಸಾರ ಕಳೆದುಕೊಂಡಿದ್ದ ನೆಲ ಅದು. ವಾಷಿಂಗ್ಟನ್‌ನ ನಿರುದ್ಯೋಗಿಗಳು ಬಂದು ಕಾಡು ಸವರಿದರು, ಕೆರೆ ತೋಡಿದರು, 885 ಮನೆ ಎಬ್ಬಿಸಿದರು. ಹೆಚ್ಚು ಜನಕ್ಕೆ ಕೂಲಿ ಸಿಗಲಿ ಎಂದು ಯಂತ್ರಕ್ಕಿಂತ ಕೈಕೆಲಸಕ್ಕೇ ಒತ್ತು ಕೊಟ್ಟಿದ್ದರು.

ಊರಿನ ನಕ್ಷೆಯೇ ಬೇರೆ. ಮನೆಯ ಒಂದು ಬದಿಗೆ ವಾಹನದ ದಾರಿ, ಇನ್ನೊಂದು ಬದಿಗೆ ಹುಲ್ಲು, ಮರ, ಕಾಲುದಾರಿ. ದೊಡ್ಡ ರಸ್ತೆಯ ಕೆಳಗೆ ನಡೆದು ಹೋಗಲು ಸುರಂಗದಾರಿ ಇತ್ತು. ಮಕ್ಕಳು ರಸ್ತೆ ದಾಟದೆ ಶಾಲೆ ಮುಟ್ಟಬಹುದಿತ್ತು. ಶಾಲೆಯ ಕಟ್ಟಡ ಹಗಲು ಮಕ್ಕಳಿಗೆ, ಸಂಜೆ ಊರಿಗೆ. ಸಭೆ, ಪ್ರಾರ್ಥನೆ, ಕುಣಿತ ಎಲ್ಲವೂ ಅಲ್ಲೇ.

ಮೊದಲ ಕುಟುಂಬಗಳು 1937ರ ಸೆಪ್ಟೆಂಬರ್ ಕೊನೆಯಲ್ಲಿ ಬಂದವು. 885 ಮನೆಗೆ ಅರ್ಜಿ ಹಾಕಿದವರು 5 ಸಾವಿರಕ್ಕೂ ಹೆಚ್ಚು. ಸರ್ಕಾರ ವರಮಾನ ನೋಡಿ, ಮನೆಗೆ ಹೋಗಿ ವಿಚಾರಿಸಿ ಆರಿಸಿತು. ಧರ್ಮದ ಲೆಕ್ಕವನ್ನೂ ನೋಡಿತು. ಪ್ರೊಟೆಸ್ಟೆಂಟರು, ಕ್ಯಾಥೊಲಿಕರು, ಯಹೂದಿಗಳು ಮೂವರೂ ಇರುವಂತೆ ಪಾಲು ಹಂಚಿತು.

ಆದರೆ ಕಪ್ಪು ಜನರಿಗೆ ಒಂದೇ ಒಂದು ಮನೆ ಕೊಡಲಿಲ್ಲ. ಅದೇ ಕೆರೆ ತೋಡಿದ, ಅದೇ ಗೋಡೆ ಕಟ್ಟಿದ ಕೂಲಿಗಳಲ್ಲಿ ಕಪ್ಪು ಜನರೂ ಇದ್ದರು. ಕಟ್ಟಲು ಬೇಕಾದ ಕೈ ಇರಲು ಬೇಡವಾಯಿತು. ಗ್ರೀನ್‌ಬೆಲ್ಟ್ ಬಗ್ಗೆ ಒಳ್ಳೆಯದನ್ನು ಹೇಳುವಾಗ ಈ ಮಾತನ್ನು ಬಿಟ್ಟು ಹೇಳಿದರೆ ಅದು ಅರ್ಧ ಸುದ್ದಿ.

ಬಂದ ಕುಟುಂಬಗಳು ಒಬ್ಬರಿಗೊಬ್ಬರು ಹೊಸಬರು. ದೊಡ್ಡವರಲ್ಲಿ ಹುಟ್ಟೂರು ಇದೇ ಎನ್ನುವವರು ಒಬ್ಬರೂ ಇಲ್ಲ. ಹಾಗಾಗಿ ಎಲ್ಲವನ್ನೂ ಕೂಡಿಯೇ ಮಾಡಿಕೊಳ್ಳಬೇಕಾಯಿತು. ದಿನಸಿ ಅಂಗಡಿ, ಪೆಟ್ರೋಲ್ ಬಂಕ್, ಸಿನಿಮಾ ಮಂದಿರ ಸಹಕಾರಿ ಪದ್ಧತಿಯಲ್ಲಿ ನಡೆದವು. 1940ರ ಹೊತ್ತಿಗೆ ಈ ಅಂಗಡಿಗಳು ಊರಿನವರ ಷೇರು ಹಣದ ಸಹಕಾರ ಸಂಘದ ಕೈಗೆ ಬಂದವು. ಸಾಲಕ್ಕೆ ಅವರದೇ ಸಂಘ, ಸಣ್ಣ ಮಕ್ಕಳಿಗೆ ಅವರದೇ ಶಿಶುವಿಹಾರ. ಇದನ್ನೆಲ್ಲ ನೋಡಿದ ವಿರೋಧಿಗಳು ಊರಿಗೆ ಕಮ್ಯುನಿಸ್ಟ್ ಹಣೆಪಟ್ಟಿ ಹಚ್ಚಿದರು.

ಪತ್ರಿಕೆಯೂ ಹೀಗೆಯೇ ಹುಟ್ಟಿತು. ಜನ ಬಂದು ಎರಡು ತಿಂಗಳಾಗುವುದರೊಳಗೆ, 1937ರ ನವೆಂಬರ್‌ನಲ್ಲಿ 'ಗ್ರೀನ್‌ಬೆಲ್ಟ್ ಕೋಆಪರೇಟರ್' ಹೊರಬಂತು. ದೊಡ್ಡ ಮುದ್ರಣಾಲಯದ್ದಲ್ಲ, ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು. ಬರೆಯುವವರು, ತಿದ್ದುವವರು ಊರಿನವರೇ, ಬಹುಪಾಲು ಸಂಬಳವಿಲ್ಲದವರು. ಮನೆಮನೆಗೆ ಪುಕ್ಕಟೆ ಹಂಚುತ್ತಿದ್ದರು. 1954ರಲ್ಲಿ ಅದರ ಹೆಸರು 'ಗ್ರೀನ್‌ಬೆಲ್ಟ್ ನ್ಯೂಸ್ ರಿವ್ಯೂ' ಎಂದಾಯಿತು.

ಅಷ್ಟರಲ್ಲಿ ಊರಿನ ಒಡೆತನವೇ ಬದಲಾಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ಊರನ್ನು ಮಾರಲು ಹೊರಟಿತು. 1952ರ ಕೊನೆಗೆ ನಿವಾಸಿಗಳ ಗೃಹ ಸಹಕಾರ ಸಂಘವೇ ಸುಮಾರು 1,600 ಮನೆಗಳನ್ನು ಕೊಂಡಿತು. ಆದರೆ ಸುತ್ತಲಿನ ಖಾಲಿ ನೆಲ ಒಂದೊಂದಾಗಿ ಬಿಲ್ಡರ್‌ಗಳ ಪಾಲಾಯಿತು. ಊರಿಗೆ ಹೆಸರು ತಂದುಕೊಟ್ಟಿದ್ದ ಹಸಿರು ಪಟ್ಟಿಯೇ ಈಗ ಲೇಔಟ್ ಆಗುವ ಕಾಲ.

ಮೊಕದ್ದಮೆಯ ಬೇರು ಇರುವುದು ಇಲ್ಲಿ. ಚಾರ್ಲ್ಸ್ ಬ್ರೆಸ್ಲರ್ ಊರಿನ ದೊಡ್ಡ ಬಿಲ್ಡರ್, ರಾಜ್ಯದ ಶಾಸಕರೂ ಹೌದು. ಅವರ ಒಂದು ಜಮೀನು ಹೈಸ್ಕೂಲಿಗಾಗಿ ಪುರಸಭೆಗೆ ಬೇಕಿತ್ತು. ಅವರಿಗೆ ತಮ್ಮ ಬೇರೆ ಜಮೀನುಗಳಲ್ಲಿ ಹೆಚ್ಚು ಮನೆ ಕಟ್ಟಲು ಅನುಮತಿ ಬೇಕಿತ್ತು. ಎರಡೂ ಮಾತುಕತೆ ಒಟ್ಟಿಗೆ ನಡೆಯುತ್ತಿದ್ದವು. ಒಪ್ಪಂದ ಆಗದಿದ್ದರೆ ಶಾಲೆಯ ಜಾಗದ ಬೆಲೆ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವ ಲಕ್ಷಣ ಕಾಣುತ್ತಿತ್ತು. ಇದನ್ನೇ ಜನ ಸಭೆಯಲ್ಲಿ 'ಬ್ಲ್ಯಾಕ್‌ಮೇಲ್' ಎಂದದ್ದು. ಪತ್ರಿಕೆಯ ಎರಡು ವರದಿಗಳಲ್ಲಿ ಆ ಪದ ಹಲವು ಸಲ ಬಂತು. ಕೆಲವು ಕಡೆ ಉದ್ಧರಣ ಚಿಹ್ನೆಯೊಳಗೆ, ಕೆಲವು ಕಡೆ ಚಿಹ್ನೆಯಿಲ್ಲದೆ, ಒಮ್ಮೆ ಉಪಶೀರ್ಷಿಕೆಯಾಗಿ.

ಬ್ಲ್ಯಾಕ್‌ಮೇಲ್ ಒಂದು ಅಪರಾಧ, ಪತ್ರಿಕೆ ನನ್ನನ್ನು ಅಪರಾಧಿ ಎಂದಿದೆ ಎಂಬುದು ಬ್ರೆಸ್ಲರ್ ವಾದ. ಜ್ಯೂರಿ ಅದನ್ನು ಒಪ್ಪಿತು. 5,000 ಡಾಲರ್ ಪರಿಹಾರ, ಅದರ ಮೇಲೆ ದಂಡದ ರೂಪದಲ್ಲಿ 12,500 ಡಾಲರ್ ಕೊಡಬೇಕೆಂದಿತು. ಪುಕ್ಕಟೆ ಹಂಚುವ ಪತ್ರಿಕೆಗೆ ಅದು ಬಾಗಿಲು ಮುಚ್ಚಿಸುವಷ್ಟು ಹಣ. ರಾಜ್ಯದ ಮೇಲಿನ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಊರಿನವರು ಸುಮ್ಮನೆ ಕೂರಲಿಲ್ಲ. ಕಾನೂನು ಖರ್ಚಿಗೆ ಹಣ ಕೂಡಿಸಿದರು.

1970ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಪಾಟರ್ ಸ್ಟೀವರ್ಟ್. ಒಬ್ಬ ನ್ಯಾಯಮೂರ್ತಿಯೂ ಫಲಿತಾಂಶವನ್ನು ವಿರೋಧಿಸಲಿಲ್ಲ. ವರದಿ ನಡೆದದ್ದನ್ನು ಸರಿಯಾಗಿ, ಪೂರ್ತಿಯಾಗಿ ಹೇಳಿದೆ ಎಂದು ಕೋರ್ಟ್ ಕಂಡುಕೊಂಡಿತು. ಬಿಲ್ಡರ್ ಏನು ಕೇಳಿದರು, ಪುರಸಭೆ ಏನು ಕೇಳಿತು ಎಂಬುದೆಲ್ಲ ಅದರಲ್ಲಿದೆ. ಓದಿದ ಯಾರಿಗೂ ಬ್ರೆಸ್ಲರ್ ಅಪರಾಧ ಮಾಡಿದರು ಎಂಬ ಅರ್ಥ ಬರುವುದಿಲ್ಲ. ಅವರ ಚೌಕಾಸಿ ಅನ್ಯಾಯದ್ದು ಎಂದು ಜನ ಖಾರವಾಗಿ ಹೇಳಿದರು ಎಂದಷ್ಟೇ ತಿಳಿಯುತ್ತದೆ. ಸಾರ್ವಜನಿಕ ಸಭೆಯ ಇಂಥ ಮಾತಿಗೆ ಪತ್ರಿಕೆಯನ್ನು ಶಿಕ್ಷಿಸಿದರೆ ಸಾರ್ವಜನಿಕ ಚರ್ಚೆಯೇ ನಿಲ್ಲುತ್ತದೆ ಎಂಬುದು ತೀರ್ಪಿನ ತಿರುಳು. ಪತ್ರಿಕೆ ಗೆದ್ದಿತು.

ಆ ತೀರ್ಪು ನಮ್ಮ ದೇಶಕ್ಕೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಮಾನನಷ್ಟ ಇವತ್ತಿಗೂ ಕ್ರಿಮಿನಲ್ ಅಪರಾಧ. ಆದರೆ ಪತ್ರಿಕೆಯನ್ನು ಉಳಿಸಿದ್ದು ಯಾವುದು ಎಂದು ನೋಡಿ. ಅದು ಬರೀ ಬೈಗುಳ ಅಚ್ಚು ಹಾಕಿರಲಿಲ್ಲ. ಬೈಗುಳದ ಸುತ್ತ ಇದ್ದ ಇಡೀ ಜಮೀನಿನ ಲೆಕ್ಕವನ್ನು ಓದುಗರ ಮುಂದೆ ಬಿಚ್ಚಿಟ್ಟಿತ್ತು. ಸಭೆಗೆ ಬರಲಾಗದ ಮನೆಗೂ ಸಭೆಯನ್ನು ತಲುಪಿಸಿತ್ತು. ಕಷ್ಟ ಬಂದಾಗ ಆ ಮನೆಗಳೇ ಜೇಬಿಗೆ ಕೈ ಹಾಕಿದವು.

ಗ್ರೀನ್‌ಬೆಲ್ಟ್‌ನಲ್ಲಿ ಈಗ ಸುಮಾರು 25 ಸಾವಿರ ಜನರಿದ್ದಾರೆ. ಹಳೆಯ ಭಾಗಕ್ಕೆ 1997ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳದ ಗೌರವ ಸಿಕ್ಕಿತು. ಒಂದು ಕಾಲಕ್ಕೆ ಬಾಗಿಲು ಮುಚ್ಚಿಸಿಕೊಂಡಿದ್ದ ಕಪ್ಪು ಜನರೇ ಇವತ್ತು ಅಲ್ಲಿ ಎಲ್ಲರಿಗಿಂತ ದೊಡ್ಡ ಸಮುದಾಯ. ಹಳೆಯ ಅನ್ಯಾಯಕ್ಕೆ ಪರಿಹಾರ ಹೇಗೆ ಎಂದು ಪರಿಶೀಲಿಸಲು ಆಯೋಗ ಬೇಕು ಎಂದು 2021ರಲ್ಲಿ ಊರಿನ ಮತದಾರರೇ ತೀರ್ಮಾನಿಸಿದರು. ಬೆಳಕಿಗೆ ತಂದ ಮಾತು ಅರ್ಧದಲ್ಲಿ ನಿಲ್ಲುವುದಿಲ್ಲ, ತಡವಾದರೂ ಊರೇ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಮುಂದಿನ ಗ್ರಾಮಸಭೆಗೆ ನಾನು ಅದೇ ಪುಸ್ತಕ ಹಿಡಿದು ಹೋಗುತ್ತೇನೆ. ಯಾರು ಏನು ಅಂದರು ಎನ್ನುವುದರ ಜೊತೆಗೆ ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಯಾರಿಗೆ ಎಷ್ಟು ಎನ್ನುವುದನ್ನೂ ಬರೆದುಕೊಳ್ಳುತ್ತೇನೆ. ಗೀಟು ಎಳೆಯುವ ಮೊದಲು ಎರಡು ಸಲ ಯೋಚಿಸುತ್ತೇನೆ.