ಏಣಿಯಿಂದ ಜಾರಿದ ವೈದ್ಯರು

1958ರಲ್ಲಿ ಬ್ರಿಟನ್ನಿನ ವೈದ್ಯರ ಸಂಭಾವನೆಯ ಬಗ್ಗೆ ವಿಚಾರಿಸುತ್ತಿದ್ದ ರಾಯಲ್ ಆಯೋಗದ ಮುಂದೆ ಲಾರ್ಡ್ ಮೊರಾನ್ ಸಾಕ್ಷ್ಯ ನುಡಿದರು. ಅವರೇನೂ ಸಾಮಾನ್ಯರಲ್ಲ. ವಿನ್‌ಸ್ಟನ್ ಚರ್ಚಿಲ್ ಅವರ ಖಾಸಗಿ ವೈದ್ಯರು. ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ ಅಧ್ಯಕ್ಷರಾಗಿದ್ದವರು. ತಜ್ಞ ವೈದ್ಯರೂ ಸಾಮಾನ್ಯ ವೈದ್ಯರೂ ಸರಿಸಮಾನರೇ ಎಂಬ ಪ್ರಶ್ನೆ ಬಂದಾಗ ಅವರು ಏಣಿಯ ಹೋಲಿಕೆ ಕೊಟ್ಟರು. ಏಣಿ ಹತ್ತಿದವರು ತಜ್ಞರು, ನಡುವೆ ಜಾರಿಬಿದ್ದವರು ಜನರಲ್ ಪ್ರಾಕ್ಟಿಷನರುಗಳು ಎಂಬುದು ಅವರ ಮಾತಿನ ಸಾರ. ಊರೂರಿನ ವೈದ್ಯರನ್ನು ಆ ಮಾತು ಕೆರಳಿಸಿತು.

ಮಗುವಿನ ಜ್ವರದಿಂದ ಮುದುಕರ ಕೆಮ್ಮಿನವರೆಗೆ ಎಲ್ಲವನ್ನೂ ನೋಡುವ ವೈದ್ಯನಿಗೆ ತನ್ನದೇ ಆದ ಜ್ಞಾನ ಉಂಟೇ? ಅಥವಾ ಅವನು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುವ ಗುಮಾಸ್ತನೇ? ಈ ಪ್ರಶ್ನೆಗೆ ಉತ್ತರ ಮೊರಾನ್ ಮಾತಾಡುವುದಕ್ಕೆ ಬಹಳ ಮೊದಲೇ ಎರಡು ಊರುಗಳಲ್ಲಿ ಸಿದ್ಧವಾಗಿತ್ತು.

ನಾಡಿ ಹಿಡಿದವರು

ಒಂದು ಊರು ಬರ್ನ್‌ಲಿ. ಲ್ಯಾಂಕಾಷೈರಿನ ಈ ಬಟ್ಟೆ ಗಿರಣಿಗಳ ಪಟ್ಟಣಕ್ಕೆ ಸ್ಕಾಟ್‌ಲೆಂಡಿನ ಜೇಮ್ಸ್ ಮೆಕೆಂಜಿ 1879ರಲ್ಲಿ ಬಂದರು. ಹೃದ್ರೋಗವಿದ್ದ ಗರ್ಭಿಣಿಯೊಬ್ಬಳು ಹೆರಿಗೆಯ ಹೊತ್ತಿನಲ್ಲಿ ಅವರ ಕಣ್ಣೆದುರೇ ತೀರಿಕೊಂಡಳು. ತನಗೆ ಹೃದಯದ ಬಗ್ಗೆ ಹೆಚ್ಚು ತಿಳಿದಿದ್ದರೆ ಈ ಸಾವನ್ನು ತಪ್ಪಿಸಬಹುದಿತ್ತೇ ಎಂಬ ಕೊರಗು ಅವರನ್ನು ಕಾಡಿತು. ಪುಸ್ತಕಗಳಲ್ಲಿ ಉತ್ತರ ಸಿಗಲಿಲ್ಲ. ರೋಗಿಗಳನ್ನೇ ಪುಸ್ತಕ ಮಾಡಿಕೊಂಡರು.

ಕೈನಾಡಿಯನ್ನೂ ಕತ್ತಿನ ರಕ್ತನಾಳದ ಮಿಡಿತವನ್ನೂ ಒಟ್ಟಿಗೇ ಕಾಗದದ ಮೇಲೆ ಗೆರೆಗಳಾಗಿ ಬರೆಯುವ ಪಾಲಿಗ್ರಾಫ್ ಎಂಬ ಯಂತ್ರವನ್ನು ರೂಪಿಸಿದರು. ಗಡಿಯಾರ ತಯಾರಕರೊಬ್ಬರು ಅದಕ್ಕೆ ನೆರವಾದರು. ಆದರೆ ಯಂತ್ರಕ್ಕಿಂತ ದೊಡ್ಡ ಸಾಧನವೆಂದರೆ ಕಾಲ. ನಾಡಿ ತಪ್ಪುತ್ತಿದ್ದ ರೋಗಿಗಳನ್ನು ಅವರು ವರ್ಷಗಟ್ಟಲೆ ಗಮನಿಸುತ್ತ ಬಂದರು. ಅಂಥವರಲ್ಲಿ ಎಷ್ಟೋ ಮಂದಿ ಯಾವ ತೊಂದರೆಯೂ ಇಲ್ಲದೆ ದುಡಿದು ಬದುಕಿದ್ದು ಕಂಡಿತು. ನಾಡಿಯ ಏರುಪೇರುಗಳೆಲ್ಲ ಅಪಾಯಕರವಲ್ಲ ಎಂಬುದು ಇದರಿಂದ ಖಚಿತವಾಯಿತು. ಆಸ್ಪತ್ರೆಯ ತಜ್ಞನಿಗೆ ಈ ಭಾಗ್ಯವಿರಲಿಲ್ಲ. ಅವನ ರೋಗಿ ಕೆಲವು ವಾರ ಮಲಗಿ ಹೊರಟುಹೋಗುತ್ತಿದ್ದ. ನಾಡಿಯನ್ನು ಕುರಿತ ಮೆಕೆಂಜಿಯವರ ಗ್ರಂಥ 1902ರಲ್ಲಿ ಹೊರಬಂತು. 1907ರಲ್ಲಿ ಲಂಡನ್ನಿಗೆ ಹೋದ ಅವರಿಗೆ 1915ರಲ್ಲಿ ಸರ್ ಪದವಿ ಬಂತು.

ಜಾತ್ರೆಗೆ ಹೋದ ಹುಡುಗಿ

ಇನ್ನೊಂದು ಊರು ಯಾರ್ಕ್‌ಷೈರಿನ ವೆನ್‌ಸ್ಲಿಡೇಲ್ ಕಣಿವೆಯ ಐಸ್‌ಗಾರ್ತ್. ಅಲ್ಲಿ ವೃತ್ತಿ ನಡೆಸುತ್ತಿದ್ದ ವಿಲಿಯಂ ಪಿಕಲ್ಸ್ (1885-1969) ಅವರು ಮೆಕೆಂಜಿಯವರ ಪುಸ್ತಕವನ್ನು 1926ರಲ್ಲಿ ಓದಿದರು. ಹಳ್ಳಿ ವೈದ್ಯನೂ ಸಂಶೋಧನೆ ಮಾಡಬಹುದು ಎಂಬ ಧೈರ್ಯ ಅದರಿಂದ ಬಂತು.

1929ರ ಸುಮಾರಿಗೆ ಕಣಿವೆಯಲ್ಲಿ ಕಾಮಾಲೆ ಹಬ್ಬಿತು. ಸುಮಾರು 5,700 ಜನರಿದ್ದ ಕಡೆ ಸುಮಾರು 250 ಮಂದಿಗೆ ರೋಗ ತಗಲಿತು. ಪಿಕಲ್ಸ್ ಮನೆ ಮನೆಯ ಕೊಂಡಿ ಹುಡುಕಿದರು. ಆಗ ಸಿಕ್ಕಿದವಳು ಅಡುಗೆಮನೆಯ ಕೆಲಸದ ಹುಡುಗಿ. ಬೆಳಿಗ್ಗೆ ಕಾಮಾಲೆಯಿಂದ ಮಲಗಿದ್ದವಳನ್ನು ಅವರೇ ನೋಡಿ ಬಂದಿದ್ದರು. ಅವಳು ಹಾಸಿಗೆ ಬಿಟ್ಟೇಳುವುದಿಲ್ಲ ಎಂದುಕೊಂಡಿದ್ದರೆ, ಮಧ್ಯಾಹ್ನ ಎದ್ದು ಊರ ಜಾತ್ರೆಗೆ ಹೋಗಿದ್ದಳು! ಅಲ್ಲಿ ಅವಳ ಸಂಪರ್ಕಕ್ಕೆ ಬಂದವರು ಯಾವ ದಿನ ಮಲಗಿದರೆಂದು ಎಣಿಸಿದಾಗ, ಸೋಂಕು ತಗಲಿ ರೋಗ ಕಾಣಿಸಿಕೊಳ್ಳಲು 26ರಿಂದ 35 ದಿನ ಬೇಕೆಂದು ತಿಳಿಯಿತು.

ನಗರದಲ್ಲಿ ಯಾರು ಯಾರನ್ನು ಎಲ್ಲಿ ಕಂಡರೆಂದು ಹೇಳುವುದು ಕಷ್ಟ. ಹಳ್ಳಿಯಲ್ಲಿ ಹಾಗಲ್ಲ. ಒಂಟಿ ಮನೆಯ ರೈತ ಯಾವ ಸಂತೆಗೆ ಹೋದ, ಯಾರ ಮನೆಯಲ್ಲಿ ಚಹಾ ಕುಡಿದ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಪಿಕಲ್ಸ್ ಈ ನೆನಪನ್ನೇ ವಿಜ್ಞಾನದ ದಾಖಲೆ ಮಾಡಿದರು. ದಿನವಾರು, ಹಳ್ಳಿವಾರು ರೋಗಪಟ್ಟಿ ಸಿದ್ಧಪಡಿಸುವುದರಲ್ಲಿ ಪತ್ನಿ ಮತ್ತು ಮಗಳೂ ಕೈಜೋಡಿಸಿದರು. ಹಳ್ಳಿಯ ವೃತ್ತಿಯಲ್ಲಿ ಕಂಡ ಸಾಂಕ್ರಾಮಿಕ ರೋಗಗಳನ್ನು ಕುರಿತ ಅವರ ಪುಸ್ತಕ 1939ರಲ್ಲಿ ಪ್ರಕಟವಾಯಿತು.

ಒಂಟಿತನಕ್ಕೆ ಮದ್ದು

ಇಂಥವರು ವಿರಳ. ಬಹುಪಾಲು ವೈದ್ಯರು ಒಂಟಿಯಾಗಿ ದುಡಿಯುತ್ತಿದ್ದರು. ಫಿಸಿಷಿಯನ್ನರಿಗೂ ಸರ್ಜನ್ನರಿಗೂ ಹಳೆಯ ಕಾಲೇಜುಗಳಿದ್ದವು, ಇವರಿಗೆ ಮಾತ್ರ ಇರಲಿಲ್ಲ. 1840ರ ದಶಕದ ಯತ್ನ ವಿಫಲವಾಗಿತ್ತು. 1950ರಲ್ಲಿ ಆಸ್ಟ್ರೇಲಿಯದ ಜೋಸೆಫ್ ಕಾಲಿಂಗ್ಸ್ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ಗಾಯಕ್ಕೆ ಉಪ್ಪು ಸವರಿತು. ಹಲವು ವೈದ್ಯರ ಕೊಠಡಿಗಳ ದುಃಸ್ಥಿತಿಯನ್ನು ಅದು ಮುಚ್ಚುಮರೆಯಿಲ್ಲದೆ ಹೇಳಿತ್ತು.

ವರದಿಯನ್ನು ಬೈದು ಸುಮ್ಮನಾಗದೆ ಫ್ರೇಸರ್ ರೋಸ್, ಜಾನ್ ಹಂಟ್ ಮೊದಲಾದವರು ಸಂಘಟನೆಗೆ ಇಳಿದರು. ಹಳೆಯ ಕಾಲೇಜುಗಳ ವಿರೋಧವಿದ್ದರೂ 1952ರ ನವೆಂಬರಿನಲ್ಲಿ ಕಾಲೇಜ್ ಆಫ್ ಜನರಲ್ ಪ್ರಾಕ್ಟಿಷನರ್ಸ್ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಲಂಡನ್ನಿನ ಘನವಂತರಲ್ಲ, ಐಸ್‌ಗಾರ್ತಿನ ಪಿಕಲ್ಸ್! 1963ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯ ಸಾಮಾನ್ಯ ವೈದ್ಯಕೀಯಕ್ಕೆ ಜಗತ್ತಿನಲ್ಲೇ ಮೊದಲ ಪ್ರಾಧ್ಯಾಪಕ ಪೀಠ ತೆರೆಯಿತು.

ಒಂದು ಸಂಜೆ ಗುಡ್ಡದ ಮೇಲೆ ನಿಂತು ಹಳ್ಳಿಗಳನ್ನು ನೋಡುತ್ತಿದ್ದ ಪಿಕಲ್ಸ್ ಅವರಿಗೆ ಒಂದು ವಿಷಯ ಹೊಳೆಯಿತಂತೆ: ಅಲ್ಲಿನ ಹೆಚ್ಚುಕಡಿಮೆ ಪ್ರತಿಯೊಬ್ಬರ ಹೆಸರೂ ತಮಗೆ ಗೊತ್ತು. ಮೊರಾನ್ ಹೇಳಿದ ಏಣಿ ಹತ್ತಿದವರಿಗೆ ರೋಗ ಇನ್ನಷ್ಟು ಸ್ಪಷ್ಟವಾಗಿ ಕಂಡಿರಬಹುದು. ಆದರೆ ಆ ರೋಗ ಯಾರ ಮನೆಯಿಂದ ಯಾರ ಮನೆಗೆ ನಡೆದು ಹೋಯಿತು ಎಂಬುದು ಕಾಣುವುದು ನೆಲದ ಮೇಲೆ ನಿಂತವರಿಗೇ.