ತಪ್ಪು ಒಂದೇ, ಶಿಕ್ಷೆಯ ಅಳತೆ ಎರಡು

ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ರೋಗಿ ಮೃತಪಟ್ಟ ಪ್ರಕರಣದಲ್ಲಿ ವೈದ್ಯರಿಗೆ ವಿಧಿಸಬಹುದಾದ ಗರಿಷ್ಠ ಸೆರೆವಾಸ 2 ವರ್ಷ. ಅದೇ ರೋಗಿಯ ಆರೈಕೆಯಲ್ಲಿದ್ದ ಶುಶ್ರೂಷಕಿಯ ಮೇಲೆ ಅದೇ ಆರೋಪ ಸಾಬೀತಾದರೆ 5 ವರ್ಷ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮು ಈ ಅಂತರಕ್ಕೆ ಮೂಲ.

ಹಿಂದಿನ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಇಂಥ ಭೇದವಿರಲಿಲ್ಲ. ಆರೋಪಿ ಯಾರೇ ಆಗಿರಲಿ, 2 ವರ್ಷವೇ ಮಿತಿಯಾಗಿತ್ತು. ಹೊಸ ಸಂಹಿತೆಯು ಈ ಮಿತಿಯನ್ನು 5 ವರ್ಷಕ್ಕೆ ಏರಿಸಿ, ನೋಂದಾಯಿತ ವೈದ್ಯರಿಗೆ ಮಾತ್ರ ಹಳೆಯ ಮಿತಿಯನ್ನು ಉಳಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2019ರ ಅನ್ವಯ ಅರ್ಹತೆ ಪಡೆದು ವೈದ್ಯರ ನೋಂದಣಿಯಲ್ಲಿ ಹೆಸರಿರುವವರಿಗಷ್ಟೇ ಈ ರಿಯಾಯಿತಿ. ಶುಶ್ರೂಷಕರು, ಪ್ರಯೋಗಾಲಯ ತಂತ್ರಜ್ಞರು, ಔಷಧ ವಿತರಕರು ಇದರ ಹೊರಗುಳಿದಿದ್ದಾರೆ.

ಬಂಧನದ ವಿಷಯದಲ್ಲಿಯೂ ಅಂತರವಿದೆ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ತಜ್ಞ ವೈದ್ಯರ ಸ್ವತಂತ್ರ ಅಭಿಪ್ರಾಯ ಪಡೆಯದೆ ವೈದ್ಯರ ವಿರುದ್ಧ ಮುಂದುವರಿಯಬಾರದು, ಆರೋಪ ಬಂದ ಮಾತ್ರಕ್ಕೆ ಅವರನ್ನು ಬಂಧಿಸಬಾರದು ಎಂದು ಸೂಚಿಸಿತು. ಆ ಮಾರ್ಗಸೂಚಿ ವೈದ್ಯರನ್ನು ಉದ್ದೇಶಿಸಿದ್ದು. ಶುಶ್ರೂಷಕರಿಗೂ ಇದೇ ಬಗೆಯ ರಕ್ಷಣೆ ಬೇಕೆಂದು ಕೇರಳ ಹೈಕೋರ್ಟ್ 2024ರಲ್ಲಿ ಅಭಿಪ್ರಾಯಪಟ್ಟು, ಈ ಕುರಿತು ಆದೇಶ ಹೊರಡಿಸುವಂತೆ ಅಲ್ಲಿನ ಸರ್ಕಾರಕ್ಕೆ ನಿರ್ದೇಶನ ನೀಡಿತು.

ವೃತ್ತಿಶಿಸ್ತಿನ ವ್ಯವಸ್ಥೆಯನ್ನು ಗಮನಿಸಿದರೆ, ವೈದ್ಯರ ವಿರುದ್ಧದ ದೂರುಗಳನ್ನು ರಾಜ್ಯ ವೈದ್ಯಕೀಯ ಪರಿಷತ್ತು ವಿಚಾರಿಸುತ್ತದೆ. ಅದರ ಆದೇಶ ಒಪ್ಪದ ವೈದ್ಯರು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿಗೆ, ಅನಂತರ ಆಯೋಗಕ್ಕೇ ಮೇಲ್ಮನವಿ ಸಲ್ಲಿಸಬಹುದು. ಶುಶ್ರೂಷಕರಿಗೆ ಸಂಬಂಧಿಸಿದ 1947ರ ಕೇಂದ್ರ ಕಾಯ್ದೆಯ ಮುಖ್ಯ ಗುರಿ ತರಬೇತಿಯಲ್ಲಿ ಏಕರೂಪತೆ ತರುವುದಾಗಿತ್ತು. ನೀತಿ ಮತ್ತು ನೋಂದಣಿಗೆಂದೇ ರಾಷ್ಟ್ರಮಟ್ಟದ ಮಂಡಳಿಯನ್ನು ಕಲ್ಪಿಸಿದ್ದು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯ್ದೆ, 2023.

ಪರಿಷತ್ತಿನ ಕದ ತಟ್ಟುವ ಮುನ್ನವೇ ಶುಶ್ರೂಷಕಿಗೆ ಶಿಕ್ಷೆಯಾಗುವುದೂ ಉಂಟು. ಖಾಸಗಿ ಆಸ್ಪತ್ರೆಗಳಲ್ಲಿ ಅನೇಕ ತಜ್ಞವೈದ್ಯರು ಸಲಹೆಗಾರರಾಗಿ ಬಂದು ಹೋಗುವವರು. ಶುಶ್ರೂಷಕಿ ಸಂಬಳದ ನೌಕರಳು. ನೋಟಿಸು, ಅಮಾನತು, ವಜಾ ಎಂಬ ಆಡಳಿತದ ಅಸ್ತ್ರಗಳು ಮೊದಲು ತಾಗುವುದು ಆಕೆಗೇ. ಔಷಧ ಬರೆಯುವುದು ಒಬ್ಬರು, ವಿತರಿಸುವುದು ಮತ್ತೊಬ್ಬರು, ಚುಚ್ಚುಮದ್ದು ನೀಡುವುದು ಇನ್ನೊಬ್ಬರು. ಈ ಸರಪಳಿಯಲ್ಲಿ ಕೊನೆಯ ಕೈ ಬಹುತೇಕ ಶುಶ್ರೂಷಕಿಯದು. ಎಡವಟ್ಟಾದಾಗ ಕಣ್ಣಿಗೆ ಬೀಳುವುದೂ ಅದೇ ಕೈ. ತಪ್ಪು ಎಲ್ಲಿ ಹುಟ್ಟಿತೆಂದು ಶೋಧಿಸದೆ ಅದು ಕೊನೆಗೆ ಎಲ್ಲಿ ಕಂಡಿತೆಂದಷ್ಟೇ ನೋಡಿದರೆ, ಮುಂದಿನ ರೋಗಿಗೂ ರಕ್ಷಣೆಯಿರದು.