ಹಾಸಿಗೆಯಿಂದ ಅಂಗಳಕ್ಕೆ

ಅಫಜಲಪುರ ತಾಲ್ಲೂಕಿನಲ್ಲಿ ಭೀಮಾನದಿಯ ದಡದ ಮಣ್ಣೂರ ನನ್ನ ಸೋದರಮಾವನ ಊರು. ಕೆಲವು ವರ್ಷಗಳ ಹಿಂದೆ ಅವರು ದೂರದ ನಗರದಲ್ಲಿ ಹೃದಯದ ಬೈಪಾಸ್ ಶಸ್ತ್ರಕ್ರಿಯೆ ಮಾಡಿಸಿಕೊಂಡು ಮರಳಿದಾಗ ಮನೆಯಲ್ಲಿ ಸಣ್ಣದೊಂದು ಜಾತ್ರೆಯೇ ನೆರೆದಿತ್ತು. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: “ಏಳಬ್ಯಾಡ್ರಿ, ಮಲಕೋರಿ.” ನೀರಿನ ತಂಬಿಗೆಯನ್ನು ಕೂಡ ಅತ್ತೆಯೇ ಎತ್ತಿ ಕೊಡುತ್ತಿದ್ದರು. ಆಸ್ಪತ್ರೆಯ ಇಂಗ್ಲಿಷ್ ಕಾಗದವನ್ನು ಓದಿ ಹೇಳುವ ಕೆಲಸ ಮಾಸ್ತರನಾದ ನನ್ನ ಪಾಲಿಗೆ ಬಂದಿತು. ದಿನವೂ ನಡೆಯಬೇಕು, ಮೆಲ್ಲಮೆಲ್ಲನೆ ದೂರ ಹೆಚ್ಚಿಸಬೇಕು ಎಂದು ಅದರಲ್ಲಿ ಬರೆದಿದ್ದಿತು. ಓದುಗರೇ, ಮಾತ್ರೆಗಳ ಹೆಸರನ್ನೆಲ್ಲ ಓದಿ ಹೇಳಿದ ನಾನು ಆ ಸಾಲನ್ನು ಮಾತ್ರ ನುಂಗಿಬಿಟ್ಟೆ. ಎದೆಯ ಮೇಲಿನ ಉದ್ದನೆಯ ಗಾಯವನ್ನು ಕಂಡ ಮೇಲೆ “ನಡೆಯಿರಿ” ಎನ್ನಲು ನನಗೇ ನಾಲಗೆ ಏಳಲಿಲ್ಲ.

ನನ್ನ ಈ ತಪ್ಪಿಗೆ ಪಂಡಿತರ ದೊಡ್ಡ ಪರಂಪರೆಯೇ ಉಂಟೆಂಬುದು ಆಮೇಲೆ ತಿಳಿಯಿತು. ಎದೆನೋವನ್ನು 1772ರಲ್ಲಿ ಸ್ಪಷ್ಟವಾಗಿ ವರ್ಣಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್, ದಿನಕ್ಕೆ ಅರ್ಧ ಗಂಟೆ ಗರಗಸದಿಂದ ಕಟ್ಟಿಗೆ ಕೊಯ್ಯುವ ನೇಮ ಹಿಡಿದ ಒಬ್ಬ ರೋಗಿ ಬಹುಮಟ್ಟಿಗೆ ಗುಣ ಹೊಂದಿದನೆಂದು ದಾಖಲಿಸಿದ್ದನು. ಆದರೆ ಆ ಕಟ್ಟಿಗೆ ಕೊಯ್ದವನ ಪಾಠ ಮರೆಯಾಯಿತು. 1912ರಲ್ಲಿ ಶಿಕಾಗೊ ನಗರದ ಜೇಮ್ಸ್ ಹೆರಿಕ್ ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ರೋಗವನ್ನು ವಿವರಿಸಿದ ತರುವಾಯ, ಹಾಸಿಗೆಯೇ ಔಷಧವೆಂಬ ನಂಬಿಕೆ ಗಟ್ಟಿಯಾಯಿತು. ರೋಗಿಯು ಆರೇಳು ವಾರ ಅಲುಗಾಡದೆ ಮಲಗಿರಬೇಕು. ಎಷ್ಟೋ ಕಡೆ ತುತ್ತನ್ನು ಕೂಡ ದಾದಿಯರೇ ಉಣಿಸುತ್ತಿದ್ದರು. ನಮ್ಮ ಅತ್ತೆಯ ತಂಬಿಗೆ ಅಮೆರಿಕದ ಆಸ್ಪತ್ರೆಗಳಲ್ಲೂ ಇದ್ದಿತೆಂದಾಯಿತು!

ಈ ಕಟ್ಟನ್ನು ಸಡಿಲಿಸಿದ್ದು ಒಂದು ಕುರ್ಚಿ. 1952ರಲ್ಲಿ ಬೋಸ್ಟನ್ ನಗರದ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್, ಹೃದಯಾಘಾತವಾದ 81 ಜನರನ್ನು ಮೊದಲ ದಿನಗಳಿಂದಲೇ ಕುರ್ಚಿಯಲ್ಲಿ ಕೂಡಿಸಿ ನೋಡಿದ ವರದಿ ಪ್ರಕಟಿಸಿದರು. ಮರುವರ್ಷವೇ ಜೆರ‍್ರಿ ಮಾರಿಸ್, ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ದುಡಿಯುವ ಚಾಲಕರಿಗಿಂತ ಮೇಲಂತಸ್ತಿಗೆ ಹತ್ತಿಳಿಯುವ ಕಂಡಕ್ಟರರಿಗೆ ಹೃದ್ರೋಗ ಕಡಿಮೆಯೆಂದು ತೋರಿಸಿದರು. ಇವೆಲ್ಲಕ್ಕಿಂತ ನನ್ನನ್ನು ತಟ್ಟಿದ್ದು 1966ರ ಡಲ್ಲಾಸ್ ನಗರದ ಪ್ರಯೋಗ. ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಮಲಗಿಸಿದರು. ಮೂವತ್ತು ವರ್ಷಗಳ ಮೇಲೆ ಅವರನ್ನೇ ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷದ ಮುಪ್ಪು ದೇಹದ ಶಕ್ತಿಯನ್ನು ಕುಗ್ಗಿಸಿದ್ದಕ್ಕಿಂತ ಆ ಮೂರು ವಾರದ ಹಾಸಿಗೆಯೇ ಹೆಚ್ಚು ಕುಗ್ಗಿಸಿದ್ದಿತೆಂದು ಕಂಡುಬಂದಿತು.

ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿಯುವ ಬೈಪಾಸನ್ನು 1967ರಲ್ಲಿ ಕ್ಲೀವ್‌ಲೆಂಡಿನಲ್ಲಿ ನೆಲೆಗೊಳಿಸಿದವರು ಅರ್ಜೆಂಟೀನಾದ ರೆನೆ ಫವಲೋರೊ. ಅದಕ್ಕೆ ಮುನ್ನ ಅವರು ಹನ್ನೆರಡು ವರ್ಷ ಹಳ್ಳಿಯ ವೈದ್ಯರಾಗಿದ್ದವರು. ನಮ್ಮ ದೇಶಕ್ಕೆ ಈ ಶಸ್ತ್ರಕ್ರಿಯೆ ಬಂದದ್ದು 1975ರಲ್ಲಿ, ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಗೆ. ಈಗ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಕಟ್ಟಡ 2024ರ ಡಿಸೆಂಬರಿನಲ್ಲಿ ತೆರೆದಿದೆ. ಶಸ್ತ್ರಕ್ರಿಯೆ ನಮ್ಮ ಸಮೀಪಕ್ಕೆ ಬಂದಿತು. ಅದರ ಮುಂದಿನ ಅಧ್ಯಾಯ ಮಾತ್ರ ನಮ್ಮ ನಮ್ಮ ಓಣಿಯಲ್ಲೇ ನಡೆಯತಕ್ಕದ್ದು.

ಮೂರು ತಿಂಗಳಲ್ಲಿ ಮಾವನವರ ಗಾಯ ಮಾಯ್ದಿತು, ಕಾಲು ಸೊರಗಿದವು. ಹೊಸ್ತಿಲು ದಾಟಲು ಹೆಗಲು ಬೇಕಾಯಿತು. ಮರುಭೇಟಿಯಲ್ಲಿ ವೈದ್ಯರು, “ನಡೆಯಿರೆಂದು ಕಾಗದದಲ್ಲೇ ಬರೆದಿತ್ತಲ್ಲ?” ಎಂದರು. ನಾನು ನೆಲ ನೋಡಿದೆ.

ಅವರು ತಿಳಿಸಿ ಹೇಳಿದ್ದು ಇಷ್ಟು. ಸೀಳಿದ ಎದೆಯೆಲುಬನ್ನು ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತುಂಬಿದ ಕೊಡ ಎತ್ತುವುದು, ಜಗ್ಗುವುದು, ನೂಕುವುದು ಕೂಡದು. ನಡಿಗೆಯಾದರೋ ಆಸ್ಪತ್ರೆಯಲ್ಲೇ, ಒಂದೆರಡು ದಿನಗಳೊಳಗೆ ಆರಂಭವಾಗಿರುತ್ತದೆ. ಮನೆಗೆ ಬಂದವರು ಅದನ್ನು ಬಿಡಬಾರದು. ನಡೆಯುತ್ತ ಮಾತನಾಡಲು ಉಸಿರು ಸಾಲುವಷ್ಟೇ ವೇಗ ಸಾಕು. ಎದೆ ನೊಂದರೆ, ತಲೆ ತಿರುಗಿದರೆ, ಉಸಿರು ಕಟ್ಟಿದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಗಾಯ ಸೋರಿದರೆ, ಎದೆಯೆಲುಬು ಕಟಕಟ ಎಂದರೂ ಹಾಗೆಯೇ. ನಮ್ಮ ಸೀಮೆಯ ಬೇಸಿಗೆಯಲ್ಲಂತೂ ಬಿಸಿಲೇರುವ ಮುನ್ನವೇ ಮುಗಿಸಬೇಕು.

ಆದರೆ ಇದನ್ನೆಲ್ಲ ಹೇಳಿದ ಮಾತ್ರಕ್ಕೆ ಮಾವನವರು ಏಳಲಿಲ್ಲ. ಕನ್ನಡದಲ್ಲಿ ಧೈರ್ಯಕ್ಕೆ ಎದೆಗಾರಿಕೆ ಎನ್ನುತ್ತೇವೆ, ಅಂಜಿದವನನ್ನು ಎದೆಗುಂದಿದನೆನ್ನುತ್ತೇವೆ. ಎದೆಯನ್ನೇ ತೆರೆದು ಹೊಲಿದ ಮೇಲೆ ಮನುಷ್ಯನು ತನ್ನ ಎದೆಯನ್ನೇ ನಂಬಲಾರನು. ಎಬ್ಬಿಸಿದವರು ಪಕ್ಕದ ಹೊಲದ ಹಳೆಯ ಗೆಳೆಯರು. ಅವರು ಉಪದೇಶ ಮಾಡಲಿಲ್ಲ. ನಸುಕಿನಲ್ಲಿ ಬಂದು ಅಂಗಳದಲ್ಲಿ ನಿಂತು, “ಬಾರೋ, ಒಂದ್ ಕಂಬದ ತನಕ ಹೋಗಿ ಬರೂಣು,” ಎಂದರು. ಮೊದಲ ದಿನ ಒಂದು ವಿದ್ಯುತ್ ಕಂಬ, ವಾರದ ಮೇಲೆ ಎರಡು. ಜೊತೆಗಾರರು ಒಂದು ದಿನವೂ ಅವಸರಪಡಿಸಲಿಲ್ಲ, ಒಂದು ದಿನವೂ ತಪ್ಪಿಸಲಿಲ್ಲ. ಅತ್ತೆ ಮೊದಲು ಗೊಣಗಿದರು. ಆಮೇಲೆ ತಾವೇ ಕೆರವನ್ನು ಬಾಗಿಲಿಗೆ ತಂದಿಡತೊಡಗಿದರು.

ರಜೆಯಲ್ಲಿ ನಾನೂ ಅವರೊಡನೆ ಯಲ್ಲಮ್ಮನ ಗುಡಿಯತನಕ ನಡೆಯುತ್ತೇನೆ. ಒಮ್ಮೆ ದಾರಿಯಲ್ಲಿ ಆ ಕಾಗದದ ಸಂಗತಿಯನ್ನು ಒಪ್ಪಿಕೊಂಡೆ. ಮಾವನವರು ನಕ್ಕು, “ನೀ ಓದಿ ಹೇಳಿದ್ರೂ ನಾ ಏಳತಿದ್ದಿಲ್ಲೋ ಅಳ್ಯಾ, ಅಂಜಿಕಿ ಇತ್ತು. ಆದ್ರ ನೀ ಓದಬೇಕಾಗಿತ್ತು,” ಎಂದರು.